ಅವಳ ಅಣ್ಣ ನಿಲ್ಲಿಸಿದ ಕಲ್ಲು

ಚನಿಯ ಐರ್ಲೆಂಡಿಗೆ ಕಾಲಿಟ್ಟವನಲ್ಲ. ಆದರೂ ಆ ದೇಶದ ಇನ್ನೂರ ಅರುವತ್ತು ಹಳೆಯ ಇಗರ್ಜಿಗಳು ಅವನಿಗೆ ಗೊತ್ತಿದ್ದವು. ಯಾವುದರ ತಲೆಯ ಮೇಲೆ ಮಾಡು ಉಂಟು, ಯಾವುದಕ್ಕೆ ಇಲ್ಲ, ಯಾವುದರ ಗೋಪುರ ಅರ್ಧಕ್ಕೆ ಮುರಿದಿದೆ, ಯಾವುದರ ಸ್ಮಶಾನದಲ್ಲಿ ದನಗಳು ನುಗ್ಗಿ ಮೇಯುತ್ತವೆ, ಎಲ್ಲವೂ ಬಾಯಿಪಾಠ. ದುಬೈಯ ಮಿರ್ದಿಫ್‌ನ ಒಂದು ವಿಲ್ಲಾದಲ್ಲಿ, ಪರದೆ ಎಳೆದ ಕೋಣೆಯಲ್ಲಿ ಕೂತು, ಲ್ಯಾಪ್‌ಟಾಪಿನ ಮೂಲಕ ಅವನು ಮೂರು ವರ್ಷಗಳಿಂದ ಅಲ್ಲಿಗೆ ಹೋಗಿಬರುತ್ತಿದ್ದ. ಅವನು ಹೋಗಬೇಕಾದದ್ದು ಮೂಡುಬಿದಿರೆಯ ಹತ್ತಿರದ ತನ್ನ ಮನೆಗೆ. ಅಲ್ಲಿಗೆ ಮಾತ್ರ ನಾಲ್ಕು ವರ್ಷಗಳಿಂದ ಹೋಗಲಾಗಿರಲಿಲ್ಲ.

ವಿಲ್ಲಾ ಸುಸನ್ ಎಂಬ ಐರಿಶ್ ಟೀಚರಮ್ಮನದು. ಚನಿಯ ಅವಳ ಡ್ರೈವರ್. ಕಾಗದದಲ್ಲಿ ಡ್ರೈವರ್, ನಿಜವಾಗಿ ಅವಳ ಅಪ್ಪ ಅಲೆಕ್ಸಾಂಡರನ ಕಣ್ಣು. ಅಲೆಕ್ಸಾಂಡರನಿಗೆ ಎಂಬತ್ತೈದು. ದುಬೈಯಲ್ಲಿ ಬಂದರು ಕಟ್ಟುವಾಗ ಎಂಜಿನಿಯರಾಗಿ ಬಂದವನು ಇಲ್ಲೇ ಉಳಿದುಬಿಟ್ಟಿದ್ದ. ಈಗ ಕಣ್ಣಿಗೆ ಬೆಳಕು ಮತ್ತು ನೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎದೆಯೂ ಹದಗೆಟ್ಟಿತ್ತು. ವಿಮಾನ ಹತ್ತಿದರೆ ಇಳಿಯುವಾಗ ಪೆಟ್ಟಿಗೆಯಲ್ಲೇ ಇಳಿಸಬೇಕಾದೀತು ಎಂದು ಡಾಕ್ಟರು ನಗುತ್ತಲೇ ಹೇಳಿದ್ದರು. ಮುದುಕನಿಗೆ ಆ ನಗು ಹಿಡಿಸಿರಲಿಲ್ಲ.

ಅವನಿಗೆ ಬೇಕಾದದ್ದು ಒಂದೇ, ತನ್ನ ತಾಯಿಯ ಸಮಾಧಿ. ತಾಯಿಯ ಹೆಸರು ಹೊನೋರಾ. ಮನೆಯವರ ಮಾತು ಮೀರಿ ಬೇರೆ ಪಂಗಡದವನನ್ನು ಮದುವೆಯಾದವಳು. ಅವಳು ಸತ್ತಾಗ ಅಲೆಕ್ಸಾಂಡರನಿಗೆ ಏಳು ವರ್ಷ. ಹೂಳಿದ ಮೂರನೆಯ ದಿನವೇ ಅಪ್ಪ ಅವನನ್ನು ಕರೆದುಕೊಂಡು ಇಂಗ್ಲೆಂಡಿನ ಹಡಗು ಹತ್ತಿದ್ದ. ಯಾವ ಊರು, ಯಾವ ಇಗರ್ಜಿ ಎಂದು ಆಮೇಲೆ ಬಾಯಿ ಬಿಡಲೇ ಇಲ್ಲ. ಹುಡುಗನಿಗೆ ನೆನಪಿದ್ದದ್ದು ಮೇಲೆ ಮಾಡು ಇಲ್ಲದ ಒಂದು ಹಳೆಯ ಇಗರ್ಜಿ, ಒಂದು ಕಪ್ಪು ಮರ, ಮತ್ತೆ ತಾಯಿಯ ಒಬ್ಬನೇ ಅಣ್ಣ ಮಣ್ಣು ಹಾಕಲಿಕ್ಕೂ ಬರಲಿಲ್ಲ ಎಂದು ಹೆಂಗಸರು ಪಿಸುಗುಟ್ಟಿದ್ದು. ಮಾಡು ಇಲ್ಲದ ಇಗರ್ಜಿಗಳು ಆ ದೇಶದಲ್ಲಿ ಒಂದೆರಡಲ್ಲ. ಕಪ್ಪು ಮರವಂತೂ ಸ್ಮಶಾನಕ್ಕೊಂದು.

ಪುಣ್ಯಾತ್ಮರು ಯಾರೋ ಊರೂರು ತಿರುಗಿ, ಸಮಾಧಿಗಲ್ಲುಗಳ ಫೋಟೋ ತೆಗೆದು ವೆಬ್‌ಸೈಟಿನಲ್ಲಿ ಹಾಕಿದ್ದರು. ದಿನಾ ಸಂಜೆ ಐದು ಗಂಟೆಗೆ ಚನಿಯ ಒಂದೊಂದೇ ಕಲ್ಲು ತೆರೆದು ಓದುವುದು, ಮುದುಕ ಕಣ್ಣು ಮುಚ್ಚಿ ಕೇಳುವುದು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದಿದ್ದ ಚನಿಯ ಹೀಗೆ ಇಂಗ್ಲಿಷ್ ಕಲಿತ. ಕಲ್ಲುಗಳಿಂದ ಕಲಿತದ್ದಾದ್ದರಿಂದ ಅದಕ್ಕೊಂದು ವಿಚಿತ್ರ ಗಾಂಭೀರ್ಯ ಬಂದಿತ್ತು. ಒಮ್ಮೆ ಶೇಖ್ ಜಾಯೆದ್ ರಸ್ತೆಯಲ್ಲಿ ಕಾರು ಕೆಟ್ಟು ನಿಂತಾಗ ಸುಸನ್‌ಗೆ ಫೋನ್ ಮಾಡಿ, "ಮೇಡಂ, ಬ್ಯಾಟರಿ ಡಿಪಾರ್ಟೆಡ್ ದಿಸ್ ಲೈಫ್" ಎಂದಿದ್ದ. ಅವಳು ಸ್ಟಾಫ್‌ರೂಮಿನಲ್ಲಿ ಬಿದ್ದು ಬಿದ್ದು ನಕ್ಕಳಂತೆ.

ನಗುವುದಕ್ಕೆ ಸುಸನ್ ಒಳ್ಳೆಯವಳೇ. ಆದರೆ ಚನಿಯನ ಪಾಸ್‌ಪೋರ್ಟು ಅವಳ ಕಪಾಟಿನಲ್ಲಿತ್ತು. ನೌಕರರ ಪಾಸ್‌ಪೋರ್ಟು ಹೀಗೆ ಇಟ್ಟುಕೊಳ್ಳುವಂತಿಲ್ಲ ಎಂದು ಅವಳಿಗೂ ಗೊತ್ತು, ಇವನಿಗೂ ಗೊತ್ತು. "ಭದ್ರವಾಗಿರಲಿ ಅಂತ" ಎನ್ನುತ್ತಿದ್ದಳು. ಹೆದರಿಕೆ ಅವಳದ್ದು ಬೇರೆಯೇ: ಇವನು ಹೋದರೆ ಅಪ್ಪನನ್ನು ಯಾರು ನೋಡುತ್ತಾರೆ? ರಜೆ ಕೇಳಿದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ಸಲ ಮುದುಕನಿಗೆ ಆಪರೇಷನ್, ಇನ್ನೊಂದು ಸಲ ನ್ಯುಮೋನಿಯಾ. ಕಳೆದ ನವೆಂಬರಿನಲ್ಲಿ ಊರಲ್ಲಿ ಚನಿಯನ ತಂಗಿ ಹರಿಣಾಕ್ಷಿ ತೀರಿಕೊಂಡಳೆಂಬ ಫೋನ್ ಬಂದಾಗಲೂ ಮುದುಕ ಐಸಿಯುನಲ್ಲಿದ್ದ. ಸುಸನ್ ಕೈ ಹಿಡಿದು, "ಪ್ಲೀಸ್, ಈಗ ಬೇಡ ಚನಿಯ" ಎಂದಿದ್ದಳು. ಚನಿಯ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಅತ್ತ. ಅಲ್ಲಿಗೆ ಅವನ ಪಾಲಿನ ಉತ್ತರಕ್ರಿಯೆ ಮುಗಿಯಿತು.

ಮುಗಿಯಿತು ಎಂದರೆ ಮುಗಿಯುವುದಿಲ್ಲ. ಚನಿಯನ ಮನೆತನದಲ್ಲಿ ಒಂದು ಕ್ರಮ ಉಂಟು. ಸತ್ತವರನ್ನು ಸಾವಿನ ನಂತರ ಬರುವ ಆಟಿ ತಿಂಗಳಲ್ಲಿ ಮನೆಯ ಒಳಗೆ ಕರೆಯಬೇಕು. ಅದುವರೆಗೆ ಅವರು ಅಂಗಳದಲ್ಲಿ ನಿಂತಿರುತ್ತಾರೆ. ಒಳಗೆ ಬಾಳೆಲೆಯಲ್ಲಿ ಬಡಿಸಿಟ್ಟು, ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಮೂರು ಸಲ "ಉಳಾಯಿ ಬಲ" ಎಂದು ಕರೆಯಬೇಕು, ಒಳಗೆ ಬಾ ಎಂದು. ಹೆಂಗಸಾದರೆ ಕರೆಯುವವನು ಗಂಡನಲ್ಲ, ಮಗನೂ ಅಲ್ಲ, ಅವಳ ಅಣ್ಣ ಅಥವಾ ತಮ್ಮ. ಹೆಣ್ಣಿನಿಂದ ಬಳಿ, ಅಂದರೆ ವಂಶ, ಮುಂದುವರಿಯುವ ಮನೆಗಳಲ್ಲಿ ಗಂಡ ಎಷ್ಟೆಂದರೂ ಬಂದುಹೋಗುವವನು, ಸೋದರನೇ ಸಂಬಂಧ. ಹರಿಣಾಕ್ಷಿಗಿದ್ದ ಸೋದರ ಚನಿಯನೊಬ್ಬನೇ. ಈ ಆಟಿ ಜುಲೈ ನಡುವಿಗೆ ಹುಟ್ಟುವುದಿತ್ತು. ಹರಿಣಾಕ್ಷಿಯ ಮಗಳು ಅಶ್ಮಿತಾ ವಾರಕ್ಕೆರಡು ಸಲ ಫೋನ್ ಮಾಡಿ, "ಮಾಮಾ, ಈ ಸಲ ಬರ್ತೀರಲ್ಲ?" ಎನ್ನುತ್ತಿದ್ದಳು. "ಬರ್ತೇನೆ ಮಗಾ" ಎಂದು ಹೇಳಿ ಹೇಳಿ ಚನಿಯನ ನಾಲಗೆ ಸವೆದಿತ್ತು.

ಜೂನ್ ಮೊದಲಲ್ಲಿ ಅವನು ಧೈರ್ಯ ಮಾಡಿ ಮುದುಕನನ್ನೇ ಕೇಳಿದ. ಅಪ್ಪ ಹೂಂ ಎಂದರೆ ಮಗಳು ಬೇಡ ಎನ್ನುವವಳಲ್ಲ.

ಅಲೆಕ್ಸಾಂಡರ್, "ನೀನು ಹೋದರೆ ನಾನು ಇಲ್ಲಿ ಬರೀ ಗೋಡೆ ನೋಡಿಕೊಂಡಿರಬೇಕು. ಗೋಡೆಯೂ ಕಾಣುವುದಿಲ್ಲ. ಅವಳನ್ನು ಹುಡುಕಿಕೊಡು ಚನಿಯ. ಸಿಕ್ಕಿದ ಮರುದಿನವೇ ನಿನ್ನ ಟಿಕೆಟು ಮಾಡಿಸುತ್ತೇನೆ. ಮಾತು ಕೊಟ್ಟೆ" ಎಂದ.

ಮಾತೇನೋ ಕೊಟ್ಟ. ಕೊಟ್ಟದ್ದು ಮಾತೋ ಬೀಗವೋ ಎಂದು ಚನಿಯನಿಗೆ ತಿಳಿಯಲಿಲ್ಲ. ಮೂರು ವರ್ಷದಲ್ಲಿ ಸಿಗದ ತಾಯಿ ಇನ್ನು ಆರು ವಾರದಲ್ಲಿ ಸಿಗುವುದು ಹೌದಾ? ಆದರೂ ಅವನು ಹಟಕ್ಕೆ ಬಿದ್ದು ದಿನಕ್ಕೆ ಎಂಬತ್ತು, ನೂರು ಕಲ್ಲು ಓದಿದ. ಕಣ್ಣು ಉರಿಯುತ್ತಿತ್ತು. ಕಲ್ಲುಗಳಲ್ಲಿ ಬ್ರಿಜೆಟ್‌ಗಳಿದ್ದರು, ಕ್ಯಾಥರೀನ್‌ಗಳಿದ್ದರು, ಹೊನೋರಾಗಳೂ ಇದ್ದರು. ಮುದುಕನ ಹೊನೋರಾ ಮಾತ್ರ ಇರಲಿಲ್ಲ.

ಜೂನ್ ಹದಿನೇಳು ಶುಕ್ರವಾರ. ರಾಸ್‌ಕಾಮನ್ ಎಂಬ ಕೌಂಟಿಯ ಒಂದು ಸಣ್ಣ ಇಗರ್ಜಿಯಲ್ಲಿದ್ದರು. ಅದಕ್ಕೂ ಮಾಡು ಇರಲಿಲ್ಲ, ಗೋಡೆಯ ಮೇಲೆ ಐವಿ ಬಳ್ಳಿ ಹಬ್ಬಿತ್ತು. ನೂರಾ ನಲವತ್ತೊಂದನೆಯ ಫೋಟೋ ತೆರೆದಾಗ ಬಂದದ್ದು ಬೋಳು ಕಲ್ಲು. ಗಾಳಿ ಮಳೆಗೆ ಅಕ್ಷರಗಳೆಲ್ಲ ಸವೆದು, ಹಳದಿ ಪಾಚಿ ಹಿಡಿದು, ಓದಲು ಒಂದು ಗೆರೆಯೂ ಉಳಿದಿರಲಿಲ್ಲ. ಕೆಳಗೆ ಓದಲಾಗುವುದಿಲ್ಲ ಎಂದು ಬರೆದಿದ್ದರು. ಇಂಥ ಕಲ್ಲು ಬಂದರೆ ಚನಿಯ "ಬ್ಲಾಂಕ್ ಸಾರ್" ಎಂದು ಮುಂದಕ್ಕೆ ಹೋಗುವುದು ರೂಢಿ.

ಆ ದಿನ ಹೋಗಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಸಾರ್, ಇದರಲ್ಲಿ ಹೊನೋರಾ ಅಂತ ಉಂಟು. ಸಾವಿರದ ಒಂಬೈನೂರ ಮೂವತ್ತೆಂಟು."

ಮುದುಕನ ಕೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿಯಿತು. "ಓದು" ಎಂದ.

ಚನಿಯ ಬೋಳು ಕಲ್ಲನ್ನು ನೋಡುತ್ತ ಓದಿದ. ಸಾವಿರಾರು ಕಲ್ಲು ಓದಿದವನಿಗೆ ಧಾಟಿಗೇನು ಬರವೇ? ಪ್ರೀತಿಯ ಹೊನೋರಾಳ ನೆನಪಿಗೆ, ಈ ಲೋಕ ಬಿಟ್ಟುಹೋದದ್ದು ಇಂಥ ವರ್ಷ, ಅವಳ ಆತ್ಮಕ್ಕೆ ಶಾಂತಿ ಸಿಗಲಿ. ಕೊನೆಯಲ್ಲಿ, ಕಲ್ಲು ನಿಲ್ಲಿಸಿದವರು ಯಾರೆಂದು ಬರಬೇಕು. ಅಲ್ಲಿ ಅವನು ಯೋಚಿಸಲೇ ಇಲ್ಲ. ಸತ್ತ ಹೆಂಗಸಿಗೆ ಮಾಡಬೇಕಾದದ್ದನ್ನು ಮಾಡುವವನು ಯಾರೆಂದು ಅವನ ರಕ್ತಕ್ಕೇ ಗೊತ್ತಿತ್ತು.

"ಈ ಕಲ್ಲನ್ನು ನಿಲ್ಲಿಸಿದವನು ಅವಳ ದುಃಖಿತ ಅಣ್ಣ" ಎಂದು ಓದಿದ.

ಅಲೆಕ್ಸಾಂಡರ್ ಕಣ್ಣು ತೆರೆದ. "ಯಾರು?"

"ಅಣ್ಣ, ಸಾರ್. ಹೆಸರು ಕಾಣುವುದಿಲ್ಲ, ಪಾಚಿ ಹಿಡಿದಿದೆ."

ಮುದುಕ ಅಳತೊಡಗಿದ. ಸಣ್ಣ ಮಕ್ಕಳು ಅಳುವ ಹಾಗೆ, ಮೂಗು ಬಾಯಿ ಒಂದು ಮಾಡಿಕೊಂಡು ಅತ್ತ. ಅಳುವಿನ ನಡುವೆ "ಅವನು ಬಂದಿದ್ದ, ಆಮೇಲಾದರೂ ಬಂದಿದ್ದ" ಎಂದು ಮತ್ತೆ ಮತ್ತೆ ಹೇಳಿದ. ಗಂಡ ಎಂದಿದ್ದರೆ ಮುದುಕ ನಂಬುತ್ತಿದ್ದನೋ ಇಲ್ಲವೋ, ಅಂತೂ ಇಷ್ಟು ಆಗುತ್ತಿರಲಿಲ್ಲ. ಒಂದು ಸಣ್ಣ ಸುಳ್ಳು ಹೇಳಿ ಊರಿಗೆ ಜಾರಿಕೊಳ್ಳೋಣ ಎಂದುಕೊಂಡಿದ್ದವನು ಎಂಬತ್ತು ವರ್ಷದ ಗಾಯಕ್ಕೆ ಕೈ ಹಾಕಿಬಿಟ್ಟಿದ್ದ. ಮಹಾ ಬುದ್ಧಿವಂತ!

ಮುದುಕ ಮಾತಿಗೆ ತಪ್ಪಲಿಲ್ಲ. ಮರುದಿನವೇ ಜುಲೈ ಎಂಟಕ್ಕೆ ಮಂಗಳೂರಿನ ಟಿಕೆಟು ಆಯಿತು. ಸುಸನ್ ಎರಡು ತಿಂಗಳ ಮಟ್ಟಿಗೆ ತಮೀಮ್‌ನನ್ನು ಗೊತ್ತು ಮಾಡಿದಳು. ತಮೀಮ್ ಅದೇ ಬೀದಿಯ ಇನ್ನೊಂದು ವಿಲ್ಲಾದ ಡ್ರೈವರ್, ಉಳ್ಳಾಲದ ಬ್ಯಾರಿ, ಚನಿಯನ ಹಳೆಯ ದೋಸ್ತಿ. ಅವನು ಕೆಲಸಕ್ಕಿದ್ದ ವಿಲ್ಲಾದವರು ಬೇಸಿಗೆಗೆ ತಮ್ಮ ಊರಿಗೆ ಹೋಗುವವರಿದ್ದರು. ಅಶ್ಮಿತಾಳಿಗೆ ವಿಷಯ ಹೇಳಿದಾಗ ಫೋನಿನಲ್ಲೇ ಕುಣಿದಳು. "ಮಾಮಾ, ನಾನು ಅಂಗಳಕ್ಕೆ ಸೆಗಣಿ ಸಾರಿಸಿ ಇಡ್ತೇನೆ. ಅಮ್ಮನಿಗೆ ಇಷ್ಟದ ಪತ್ರೊಡೆ ಮಾಡ್ತೇನೆ" ಎಂದಳು.

ತೊಡಕು ಶುರುವಾದದ್ದು ಆಮೇಲೆ. ಮುದುಕ ಬೇರೆ ಕಲ್ಲುಗಳನ್ನು ಕೇಳುವುದನ್ನೇ ಬಿಟ್ಟ. ಸಂಜೆ ಐದಾಯಿತೆಂದರೆ, "ನಡಿ, ಅಮ್ಮನ ಹತ್ತಿರ ಹೋಗೋಣ" ಎನ್ನುವನು. ಅದೇ ಬೋಳು ಕಲ್ಲು, ಅದೇ ನಾಲ್ಕು ಸಾಲು. ನಡುವೆ ಪ್ರಶ್ನೆಗಳು: ಕಲ್ಲಿನ ಮೇಲೆ ಬಿಸಿಲು ಯಾವ ಕಡೆಯಿಂದ ಬಿದ್ದಿದೆ? ಪಾಚಿಯ ಬಣ್ಣ ಹೇಗಿದೆ? ಅಣ್ಣ ಎಂಬ ಶಬ್ದವನ್ನು ದೊಡ್ಡದಾಗಿ ಕೆತ್ತಿದ್ದಾನೋ ಸಣ್ಣದಾಗಿಯೋ? ಚನಿಯ ಉತ್ತರ ಕೊಡುತ್ತಾ ಹೋದ. ಒಂದೊಂದು ಉತ್ತರವೂ ಅವನನ್ನೇ ಇನ್ನಷ್ಟು ಬಿಗಿಯಿತು.

ತಮೀಮ್ ಕೆಲಸ ನೋಡಿಕೊಳ್ಳಲು ಬಂದ ದಿನ ರಂಜಾನಿನ ಇಪ್ಪತ್ತನೆಯ ಉಪವಾಸ. ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಚನಿಯ ಆ ಫೋಟೋ ತೋರಿಸಿದ. ತಮೀಮ್ ಕನ್ನಡಕ ಒರೆಸಿಕೊಂಡು ನೋಡಿದ, ಹತ್ತಿರ ಬಗ್ಗಿ ನೋಡಿದ.

"ಎಂತ ಮಾರಾಯಾ, ಇದ್ರಲ್ಲಿ ಎಂತದೂ ಇಲ್ಲ ಅಲ್ವಾ?"

ಚನಿಯ ಅವನನ್ನು ಹೊರಗೆ ಗ್ಯಾರೇಜಿಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದ. ನಾಲ್ಕು ಸಾಲು ಬರೆದುಕೊಟ್ಟ. "ನೀನು ಇದನ್ನು ಬಾಯಿಪಾಠ ಮಾಡಿದ್ರೆ ಆಯ್ತು. ದಿನಾ ಒಂದು ಸಲ. ಖಲಾಸ್" ಎಂದ.

ತಮೀಮ್ ಕಾಗದವನ್ನು ಮುಟ್ಟಲಿಲ್ಲ. "ಕಬರಿನ ವಿಷಯದಲ್ಲಿ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಚನಿಯಣ್ಣಾ. ಅದೂ ಉಪವಾಸ ಹಿಡ್ಕೊಂಡು."

"ಜುಲೈ ಎಂಟಕ್ಕೆ ನಿನ್ನ ಉಪವಾಸ ಮುಗ್ದಿರ್ತದೆ."

"ಉಪವಾಸ ಮುಗೀತದೆ. ಕಬರು ಮುಗೀತದಾ? ಕಾರು ತೊಳಿ ಅನ್ನು, ತೊಳೀತೇನೆ. ಆ ಅಜ್ಜನನ್ನು ಎತ್ತಿ ಮೀಯಿಸು ಅನ್ನು, ನನ್ನ ಅಪ್ಪನ ಹಾಗೆ ಮೀಯಿಸ್ತೇನೆ. ಸತ್ತವರ ಹೆಸರಲ್ಲಿ ಇಲ್ಲದ್ದನ್ನು ಉಂಟು ಅಂತ ಓದ್ಲಿಕ್ಕೆ ಮಾತ್ರ ಹೇಳ್ಬೇಡ."

ಚನಿಯನಿಗೆ ಸಿಟ್ಟು ಬಂತು. ಆಮೇಲೆ ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ತನ್ನ ಸ್ವರವನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಒಂದು ಸಂಜೆ ಮುದುಕನ ಪಕ್ಕ ಇಟ್ಟು, ಬಾಗಿಲ ಹೊರಗೆ ನಿಂತು ನೋಡಿದ. ಎರಡನೆಯ ಸಾಲಿಗೇ ಮುದುಕ, "ನಿಲ್ಲು, ಇವತ್ತು ಕಲ್ಲಿನ ಮೇಲೆ ಹಕ್ಕಿ ಕೂತಿದೆಯಾ?" ಎಂದು ಕೇಳಿದ. ಫೋನು ನಿಲ್ಲಲಿಲ್ಲ, ಓದುತ್ತಲೇ ಹೋಯಿತು. ಚನಿಯ ಒಳಗೆ ಓಡಿ ಅದನ್ನು ಬಂದ್ ಮಾಡಿ, "ಇಲ್ಲ ಸಾರ್, ಹಕ್ಕಿ ಇಲ್ಲ" ಎಂದ.

ಸುಸನ್ ಓದಬಹುದಿತ್ತು. ಆದರೆ ಸುಸನ್ ಓದಿದರೆ ಶಾಲೆಯ ಸುತ್ತೋಲೆ ಓದಿದಂತಿರುತ್ತದೆ ಎಂದು ಅಪ್ಪನ ದೂರು. ಮೇಲಾಗಿ ಪ್ರತಿ ಬೇಸಿಗೆಯ ಹಾಗೆ ಅವಳೂ ಜುಲೈ ಹತ್ತಕ್ಕೆ ಐರ್ಲೆಂಡಿಗೆ ಹೊರಟಿದ್ದಳು. ಅಲ್ಲೇ ಹಗ್ಗ ಕೊರಳಿಗೆ ಬಂತು. ಅಲೆಕ್ಸಾಂಡರ್ ಮಗಳಿಗೆ, "ಅಮ್ಮನ ಕಲ್ಲಿಗೆ ನನ್ನ ಹೆಸರಲ್ಲಿ ಹೂ ಇಟ್ಟು ಬಾ. ಆ ಅಣ್ಣನಿಗೂ ಒಂದು ಹೂ ಇಡು, ಅವನೂ ಅಲ್ಲೇ ಎಲ್ಲೋ ಇರಬೇಕು" ಎಂದು ಹೇಳಿದ.

ಅವಳು ಅಡುಗೆಮನೆಗೆ ಬಂದು ಚನಿಯನನ್ನು ಇಗರ್ಜಿಯ ಹೆಸರು ಕೇಳಿದಳು. ಹೆಸರು ಹೇಳಿದ. ಅವಳು ಅಲ್ಲೇ ತನ್ನ ಫೋನಿನಲ್ಲಿ ಹುಡುಕಿ ನೂರಾ ನಲವತ್ತೊಂದನೆಯ ಕಲ್ಲು ತೆರೆದಳು. ನೋಡಿದಳು. ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ಚನಿಯ, ಇದರ ಮೇಲೆ ಏನೂ ಇಲ್ಲ."

"ಇಲ್ಲ ಮೇಡಂ."

"ನೀನು..." ಎಂದವಳು ಮುಂದೆ ಹೇಳದೆ ಸ್ಟೂಲಿನ ಮೇಲೆ ಕೂತಳು. ಬೈಯುತ್ತಾಳೆ ಎಂದು ಚನಿಯ ತಲೆ ತಗ್ಗಿಸಿ ನಿಂತ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. "ಅಪ್ಪ ಎರಡು ವಾರದಿಂದ ಮಾತ್ರೆ ಇಲ್ಲದೆ ನಿದ್ದೆ ಮಾಡುತ್ತಿದ್ದಾರೆ. ನಾನು ಹುಟ್ಟಿದಾಗಿನಿಂದ ಅವರು ಆ ಮನುಷ್ಯನನ್ನು ಬೈಯದ ಒಂದು ಕ್ರಿಸ್ಮಸ್ ಇಲ್ಲ. ನಿನ್ನೆ ಅವನಿಗಾಗಿ ಪ್ರಾರ್ಥನೆ ಮಾಡಿದರು" ಎಂದಳು.

ಮೇಲೆ ಹೋಗಿ ಪಾಸ್‌ಪೋರ್ಟು ತಂದು ಅವನ ಕೈಯಲ್ಲಿಟ್ಟಳು.

"ಇದು ನಿನ್ನದು. ಇದನ್ನು ನಾನು ಯಾವತ್ತೂ ಇಟ್ಟುಕೊಳ್ಳಬಾರದಿತ್ತು. ನಾನು ಹೋಗಿ ಆ ಕಲ್ಲಿಗೆ ಹೂ ಇಡುತ್ತೇನೆ, ಅಪ್ಪನಿಗೆ ಫೋಟೋ ಕಳಿಸುತ್ತೇನೆ. ಅಷ್ಟು ಸುಳ್ಳು ನನ್ನ ಪಾಲಿಗಿರಲಿ. ಆದರೆ ನೀನು ಹೋದರೆ ಸಂಜೆ ಐದಕ್ಕೆ ಅವರು ಕೇಳುತ್ತಾರೆ, ತಮೀಮ್ ಏನೂ ಇಲ್ಲ ಎನ್ನುತ್ತಾನೆ. ಅದಕ್ಕಿಂತ ನೀನೇ ಹೇಳಿ ಹೋಗು. ನನ್ನಿಂದ ಹೇಳಲು ಸಾಧ್ಯವಿಲ್ಲ. ನಿನ್ನಿಂದಲೂ ಆಗದಿದ್ದರೆ ನಾನು ತಿರುಗಿ ಬರುವವರೆಗೆ ಇಲ್ಲೇ ಇರು."

"ಮೇಡಂ, ನೀವು ಬರುವಷ್ಟರಲ್ಲಿ ಆಟಿ ಮುಗಿಯುತ್ತದೆ. ನನ್ನ ತಂಗಿ..."

"ಸೆಪ್ಟೆಂಬರಿನಲ್ಲಿ ಮಾಡಬಹುದಲ್ಲ?"

ಸತ್ತವರು ಮಲಗುವ, ಸತ್ತವರು ಕಾಯುವ ಇಂಗ್ಲಿಷ್ ಚನಿಯನಿಗೆ ಬೇಕಾದಷ್ಟು ಬರುತ್ತಿತ್ತು. ಸತ್ತವಳೊಬ್ಬಳು ತನ್ನದೇ ಮನೆಯ ಅಂಗಳದಲ್ಲಿ ಮಳೆಗೆ ನಿಂತಿದ್ದಾಳೆ ಎನ್ನುವ ಇಂಗ್ಲಿಷ್ ಯಾವ ಕಲ್ಲಿನ ಮೇಲೂ ಇರಲಿಲ್ಲ.

ಪಾಸ್‌ಪೋರ್ಟನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಅವನು ಮುದುಕನ ಕೋಣೆಗೆ ಹೋದ. ಹೇಳಿಬಿಡುತ್ತೇನೆ ಎಂದು ನಿಶ್ಚಯ ಮಾಡಿಯೇ ಹೋದ. ಬಾಗಿಲ ಬಳಿ ನಿಂತು ಇಂಗ್ಲಿಷನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ: ಸಾರ್, ಸಾರಿ, ಕಲ್ಲು ಬ್ಲಾಂಕ್. ನಾಲ್ಕೇ ಶಬ್ದ, ಅದಕ್ಕೆ ವ್ಯಾಕರಣವೂ ಬೇಡ.

ಹೆಜ್ಜೆ ಸಪ್ಪಳಕ್ಕೆ ಅಲೆಕ್ಸಾಂಡರ್ ಮುಖ ಎತ್ತಿದ. ಗಡ್ಡ ಬೋಳಿಸಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಈಚೆಗೆ ತಾಯಿಯ ಹತ್ತಿರ ಹೋಗುವಾಗ ಹೀಗೆಯೇ.

"ಚನಿಯ, ಬಾ ಕೂತುಕೋ. ಒಂದು ಮಾತು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ನನ್ನನ್ನು ಇಲ್ಲೇ ಹೂಳಿದರೂ ಸರಿ, ಸುಟ್ಟರೂ ಸರಿ. ಮೊದಲು ಹೆದರಿಕೆ ಇತ್ತು, ಅಮ್ಮ ಅಲ್ಲಿ ಒಬ್ಬಳೇ ಇದ್ದಾಳೆ, ಅವಳಿಗೆ ಯಾರೂ ಇಲ್ಲ ಅಂತ. ಈಗ ಅವಳಿಗೆ ಅಣ್ಣ ಇದ್ದಾನೆ. ಇನ್ನು ನಾನು ಸಾಯಬಹುದು." ಸ್ವಲ್ಪ ನಕ್ಕ. "ಅವಸರವೇನೂ ಇಲ್ಲ, ಹೆದರಬೇಡ. ನೀನು ಏನೋ ಹೇಳಲು ಬಂದೆ."

ಜೋಡಿಸಿಕೊಂಡು ಬಂದ ನಾಲ್ಕು ಶಬ್ದಗಳೂ ಚನಿಯನ ಬಾಯಲ್ಲೇ ಕೂತವು. ಈ ಮುದುಕನ ಬಾಯಿಯಿಂದ ಅಣ್ಣನನ್ನು ಕಿತ್ತುಕೊಂಡು, ತಾನು ಅಣ್ಣನ ಕೆಲಸ ಮಾಡಲು ಊರಿಗೆ ಓಡಬೇಕು. ಹೇಗೆ ಲೆಕ್ಕ ಹಾಕಿದರೂ ಒಬ್ಬ ಹೆಂಗಸು ಅಣ್ಣನಿಲ್ಲದೆ ಉಳಿಯುತ್ತಿದ್ದಳು.

"ಚಾ ಬೇಕಾ ಸಾರ್ ಅಂತ ಕೇಳ್ಲಿಕ್ಕೆ ಬಂದೆ" ಎಂದ.

ಅಡುಗೆಮನೆಯಲ್ಲಿ ಸುಸನ್ ಇನ್ನೂ ಸ್ಟೂಲಿನ ಮೇಲೆಯೇ ಇದ್ದಳು. ಚನಿಯ ಪಾಸ್‌ಪೋರ್ಟನ್ನು ಅವಳ ಮುಂದೆ ಮೇಜಿನ ಮೇಲಿಟ್ಟು ಕೆಟಲ್‌ಗೆ ನೀರು ತುಂಬಿದ. ಅವಳು ಅದನ್ನು ಮುಟ್ಟಲಿಲ್ಲ, ಇವನೂ ತಿರುಗಿ ನೋಡಲಿಲ್ಲ. ಟಿಕೆಟು ರದ್ದು ಮಾಡುವ ಮಾತನ್ನು ಇಬ್ಬರೂ ಆಡಲಿಲ್ಲ, ಮರುದಿನ ಅದು ರದ್ದಾಗಿತ್ತು.

ಅಶ್ಮಿತಾಳಿಗೆ ಹೇಳಲು ಅವನಿಗೆ ನಾಲ್ಕು ದಿನ ಬೇಕಾಯಿತು. ಈದ್ ಹಬ್ಬದ ಮಧ್ಯಾಹ್ನ ತಮೀಮ್ ತಂದುಕೊಟ್ಟ ಬಿರಿಯಾನಿ ಎದುರಿಗಿಟ್ಟುಕೊಂಡು ಫೋನ್ ಮಾಡಿದ. ರಜೆ ಮುಂದೆ ಹೋಯಿತು ಮಗಾ, ಮುದುಕರಿಗೆ ಹುಷಾರಿಲ್ಲ, ಬರುವ ವರ್ಷ ಖಂಡಿತ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಆ ಕಡೆ ಸದ್ದಿರಲಿಲ್ಲ. ಲೈನು ತಪ್ಪಿತೇನೋ ಎಂದು "ಹಲೋ" ಎಂದ.

"ಕೇಳ್ತಾ ಉಂಟು ಮಾಮಾ" ಎಂದಳು ಅಶ್ಮಿತಾ. ಅಳಲಿಲ್ಲ. "ಹಿರಿಯರತ್ರ ಕೇಳಿದ್ದೆ. ಫೋನಲ್ಲಿ ಕರೆದ್ರೆ ಆಗುದಿಲ್ಲವಂತೆ, ಹೊಸ್ತಿಲಲ್ಲಿ ನೀವೇ ನಿಲ್ಬೇಕಂತೆ." ಮತ್ತೆ, "ಹಾಗಾದ್ರೆ ಅಮ್ಮ ಇನ್ನೊಂದು ವರ್ಷ ಹೊರಗೇ ನಿಲ್ಬೇಕಾ ಮಾಮಾ?" ಎಂದು ಕೇಳಿದಳು.

ಬಿರಿಯಾನಿ ಹಾಗೆಯೇ ತಣಿಯಿತು.

ಸಂಜೆ ಐದಕ್ಕೆ ಮುದುಕ ಕರೆದ. ಚನಿಯ ಮುಖ ತೊಳೆದು ಹೋಗಿ ಕೂತ, ನೂರಾ ನಲವತ್ತೊಂದು ತೆರೆದ. ಹೆಸರು ಓದಿದ, ವರ್ಷ ಓದಿದ, ಶಾಂತಿ ಸಿಗಲಿ ಎಂಬಲ್ಲಿಗೆ ಬಂದ. ಕೊನೆಯ ಸಾಲಿಗೆ ಬಾಯಿ ತೆರೆದಾಗ ಸ್ವರ ಬರಲಿಲ್ಲ. ಇನ್ನೊಮ್ಮೆ ನೋಡಿದ, ಬರಲಿಲ್ಲ. ಬದಲಿಗೆ ಎದೆಯೊಳಗಿಂದ ಬೇರೆಯದೇ ಸದ್ದು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡರೂ ಅದು ನಿಲ್ಲಲಿಲ್ಲ.

ಅಲೆಕ್ಸಾಂಡರ್ ಗಾಳಿಯಲ್ಲಿ ಕೈಯಾಡಿಸಿ ಅವನ ಭುಜ ಹುಡುಕಿದ. ಸಿಕ್ಕಿದ ಮೇಲೆ ಮೆಲ್ಲಗೆ ತಟ್ಟಿದ.

"ನೋಡು," ಎಂದ, "ನನ್ನ ಅಮ್ಮನಿಗಾಗಿ ನನ್ನನ್ನು ಬಿಟ್ಟರೆ ಇಷ್ಟು ಅತ್ತವನು ನೀನೊಬ್ಬನೇ. ದೇವರು ನಿನಗೆ ಒಳ್ಳೆಯದು ಮಾಡಲಿ. ಸಾವಕಾಶ ಮಾಡಿಕೋ. ಆಮೇಲೆ ಆ ಕೊನೆಯ ಸಾಲು ಓದು."

ಚನಿಯ ತೋಳಿನಿಂದ ಮುಖ ಒರೆಸಿಕೊಂಡ. ಬೋಳು ಕಲ್ಲನ್ನು ನೋಡುತ್ತ, ಅಣ್ಣ ನಿಲ್ಲಿಸಿದ್ದಾನೆ ಎಂದು ಓದಿದ.